ನಾಲಿಗೆ ಕಳೆದುಕೊಂಡ ಗಂಟೆ

ಗಂಟೆಯಮ್ಮ ಹಗ್ಗ ಎಳೆದಳು. ಸದ್ದಿಲ್ಲ.

ಮತ್ತೆ ಎಳೆದಳು. ತಲೆಯ ಮೇಲೆ ಹಂಡೆಯಷ್ಟು ದೊಡ್ಡ ಕಂಚಿನ ಗಂಟೆ ಆ ಕಡೆ ಈ ಕಡೆ ತೂಗಿತೇ ಹೊರತು ತುಟಿ ಬಿಚ್ಚಲಿಲ್ಲ.

ಕಿಟಕಿಯಾಚೆ ಅರ್ಧ ಹರದಾರಿ ಕೆಸರು ಬಯಲು. ಸಮುದ್ರ ಹಿಂದೆ ಸರಿದಾಗ ಮಾತ್ರ ಕಾಣುವ ಬಯಲು ಅದು. ಅದರ ತುಂಬ ಮೂವತ್ತೆರಡು ಹೆಂಗಸರು ಬಗ್ಗಿ, ಕುಂಟಾಣಿಯೆಂಬ ಕಿರುಗುದ್ದಲಿಯಲ್ಲಿ ಕೆಸರು ಗೀರಿ, ಚಿಪ್ಪು ಹೆಕ್ಕುತ್ತಿದ್ದರು. ಉಕ್ಕಿ ಬರುವ ಭರತದ ನೀರು ಎದುರಿನಿಂದ ಬಂದರೆ ಮಕ್ಕಳಿಗೂ ಕಾಣುತ್ತದೆ. ಈ ಬಯಲಿನಲ್ಲಿ ಅದು ಬರುವುದು ಬೆನ್ನ ಹಿಂದಿನ ಕೊರಕಲಿನಿಂದ, ಕಳ್ಳನ ಹಾಗೆ. ಕೊರಕಲು ತುಂಬಿತೆಂದರೆ ದಡಕ್ಕೆ ದಾರಿಯಿಲ್ಲ. ಅದಕ್ಕೇ ಗೋಪುರ, ಅದಕ್ಕೇ ಗಂಟೆ, ಅದಕ್ಕೇ ಇಪ್ಪತ್ತಾರು ವರ್ಷದಿಂದ ಗಂಟೆಯಮ್ಮ.

ಕೊರಕಲಿನಲ್ಲಿ ಆಗಲೇ ನೀರು ಮಿನುಗುತ್ತಿತ್ತು.

"ಅಯ್ಯೋ ದೇವರೇ!" ಕೈಗೆ ಸಿಕ್ಕಿದ ಕೆಂಪು ಹೊದಿಕೆಯನ್ನು ಎಳೆದುಕೊಂಡು ಮುದುಕಿ ಕಿಟಕಿಯಲ್ಲಿ ನಿಂತು ಬೀಸಿದಳು. ಬೀಸಿದಳು, ಬೀಸಿದಳು, ತೋಳು ಬಿದ್ದುಹೋಗುವವರೆಗೆ ಬೀಸಿದಳು. ಕೊನೆಗೆ ಯಾರೋ ತಲೆಯೆತ್ತಿದರು, ಯಾರೋ ಕೂಗಿದರು, ಎಲ್ಲರೂ ಓಡಿದರು. ಕಟ್ಟಕಡೆಗೆ ಬಂದವಳು ಸೊಂಟದ ಮಟ್ಟ ನೀರಿನಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತು, ಸಮುದ್ರಕ್ಕೂ ಗಂಟೆಗೂ ಒಟ್ಟಿಗೇ ಶಾಪ ಹಾಕುತ್ತ ಬಂದಳು.

ಆಮೇಲೆ ಏಣಿ ಇಟ್ಟು ನೋಡಿದರು. ಗಂಟೆಯ ಒಳಗೆ ತೂಗುತ್ತಿದ್ದ ಕಬ್ಬಿಣದ ನಾಲಿಗೆಯೇ ಇರಲಿಲ್ಲ. ಅದನ್ನು ಹಿಡಿದಿದ್ದ ಮೊಳೆ ಮಾತ್ರ ಗ್ರೀಸ್ ಸವರಿಸಿಕೊಂಡು ತನ್ನ ತೂತಿನಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

*

ಕಟ್ಟಕಡೆಗೆ ಬಂದವಳು ಪೊಲೀಸಕ್ಕನ ಅತ್ತಿಗೆ. ಹಾಗಾಗಿ ಈ ಪೀಡೆ ಪೊಲೀಸಕ್ಕನ ಹೊಸ್ತಿಲು ದಾಟಲು ಕಾಲು ಗಂಟೆಯೂ ಬೇಕಾಗಲಿಲ್ಲ.

ಪೊಲೀಸಕ್ಕ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾಗಿ ಎಂಟು ತಿಂಗಳು. ಇನ್ನು ಮೇಲೆ ಊಟದ ಹೊತ್ತಿಗೆ ಊಟ, ನಿದ್ದೆಯ ಹೊತ್ತಿಗೆ ನಿದ್ದೆ ಎಂದು ದೇವರೆದುರು ಕೈಮುಗಿದು ಹೇಳಿಕೊಂಡಿದ್ದಳು. ದೇವರು ಕೇಳಿಸಿಕೊಂಡ, ಅತ್ತಿಗೆ ಕೇಳಿಸಿಕೊಳ್ಳಲಿಲ್ಲ.

"ಏಳೇ ಪೊಲೀಸೇ! ನಾನು ಮುಳುಗಿ ಸತ್ತಿದ್ದರೆ ಆಗಲಾದರೂ ಏಳ್ತಿದ್ದೆಯಾ?"

"ಸಾಯಲಿಲ್ಲವಲ್ಲ ಅತ್ತಿಗೆ. ಟೀ ಆರ್ತಾ ಇದೆ."

"ಟೀ ಮನೆ ಹಾಳಾಗ. ಗಂಟೆಯಮ್ಮನ್ನ ಕೆಲಸದಿಂದ ತೆಗೀತಾರಂತೆ!"

ಪೊಲೀಸಕ್ಕ ಲೋಟ ಕೆಳಗಿಟ್ಟಳು.

ಬಂದರು ಕಚೇರಿಯ ಮೇಲ್ವಿಚಾರಕ ಆಗಲೇ ತೀರ್ಪು ಕೊಟ್ಟಾಗಿತ್ತು. ಬೀಗ ಒಡೆದಿಲ್ಲ, ಬೀಗದ ಕೈ ಇರುವುದು ಗಂಟೆಯಮ್ಮನ ಹತ್ತಿರ. ನಾಡಿದ್ದು ಹತ್ತು ಗಂಟೆಯೊಳಗೆ ನಾಲಿಗೆ ಸಿಗದಿದ್ದರೆ ಗಂಟೆಯಮ್ಮ ಮನೆಗೆ. ಮನೆಗೆ ಅಂದರೆ ಎಲ್ಲಿಗೆ? ಅವಳಿಗಿದ್ದ ಮನೆ ಆ ಗೋಪುರದ ಕೆಳಗಿನ ಒಂದು ಕೋಣೆ ಮಾತ್ರ.

"ಕಚೇರಿಯ ಹಲಗೆ ಓದಿದ್ದೀರಲ್ಲ?" ಎಂದ ಮೇಲ್ವಿಚಾರಕ, ಕಚೇರಿಗೆ ಬಂದ ಪೊಲೀಸಕ್ಕನಿಗೆ. "ಬಯಲಿಗೆ ಇಳಿಯುವವರಿಗೆ ಕಣ್ಣು, ಕಿವಿ, ಕಾಲು ಮೂರೂ ನೆಟ್ಟಗಿರಬೇಕು. ಇಲ್ಲದಿದ್ದರೆ ಪರವಾನಗಿ ಇಲ್ಲ. ಇಳಿಯುವವರಿಗೇ ಇಷ್ಟು ನಿಯಮ ಇರುವಾಗ ಕಾಯುವವಳು ಹೀಗೆ ಮೈಮರೆತರೆ?"

ಹೋದ ವರ್ಷ ಇವನೇ ಒಬ್ಬ ಅಜ್ಜಿಯ ಪರವಾನಗಿಯನ್ನು ಕಾಲು ಊನವೆಂದು ಕಿತ್ತುಕೊಂಡಿದ್ದ. ಕೆಟ್ಟವನಲ್ಲ. ಆದರೆ ಹಲಗೆಯಲ್ಲಿ ಬರೆದದ್ದಕ್ಕಿಂತ ಆಚೆ ಯೋಚಿಸಿದರೆ ತಲೆನೋವು ಬರುವ ಪೈಕಿ.

*

"ನಿನ್ನೆ ಸಂಜೆ ಯಾರು ಯಾರು ಬಂದಿದ್ದರು?" ಗೋಪುರದ ಕೋಣೆಯಲ್ಲಿ ಪೊಲೀಸಕ್ಕ ಕೇಳಿದಳು.

"ಯಾವಾಗಲೂ ಬರೋ ಮೂವರು," ಎಂದಳು ಗಂಟೆಯಮ್ಮ. "ನಿನ್ನ ಅತ್ತಿಗೆ, ಸೂಜಿಮೆಣಸು, ದೊರೆಸಾನಿ. ಮಾತಾಡ್ತಾ ಮಾತಾಡ್ತಾ ನಾನು ತೂಕಡಿಸಿದೆ."

"ಬೀಗದ ಕೈ?"

"ಗೋಡೆಯ ಮೊಳೆಯಲ್ಲಿ."

"ಗಂಟೆಗೆ ಗ್ರೀಸ್ ಹಚ್ಚೋರು?"

"ಅವರೇ ಮೂವರು. ತಿಂಗಳಿಗೊಬ್ಬರು."

ಅಂದರೆ ಗೊತ್ತಿದ್ದ ಕೈಯ ಕೆಲಸ. ಮೊಳೆ ಹೇಗೆ ಕಳಚುತ್ತದೆಂದು ಬಲ್ಲ ಕೈ, ಕಳಚಿದ್ದನ್ನು ಮತ್ತೆ ಹಾಕಿಟ್ಟುಹೋಗುವ ಶಿಸ್ತಿನ ಕೈ.

"ಈ ಕೆಂಪು ಹೊದಿಕೆ ನಿಮ್ಮದಾ?"

"ಅಲ್ಲ. ಕಿಟಕಿಯಲ್ಲಿ ಮಡಚಿ ಇಟ್ಟಿತ್ತು. ಯಾರದೋ ಏನೋ. ದೇವರೇ ಇಟ್ಟ ಅನ್ನು."

ದೇವರು ಹೊದಿಕೆ ಮಡಚಿ ಇಡುವುದನ್ನು ಪೊಲೀಸಕ್ಕ ತನ್ನ ಮೂವತ್ತೈದು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಅವಳು ಸುಮ್ಮನೆ ಹೂಂ ಅಂದಳು.

"ಇಳಿಯೋ ಮುಂಚೆ ಒಂದು ಸಲ ಬಾರಿಸಿ ನೋಡೋ ಪದ್ಧತಿ ಇದೆಯಲ್ಲ? ಇವತ್ತು ನೋಡಲಿಲ್ಲವಾ?"

ಗಂಟೆಯಮ್ಮ ಕಿಟಕಿಯ ಕಡೆ ತಿರುಗಿದಳು. "ನೋಡಿದೆ ಅನ್ಸುತ್ತೆ. ನೆನಪಿಲ್ಲ. ವಯಸ್ಸಾಯಿತು. ನೀನೇನು ನನ್ನನ್ನೇ ಹಿಡಿಯೋಕೆ ಬಂದೆಯಾ?"

ಒಂದು ಸುಳ್ಳು, ಎಂದು ಪೊಲೀಸಕ್ಕ ಮನಸ್ಸಿನಲ್ಲೇ ಬೆರಳು ಮಡಚಿದಳು.

*

ದಾರಿಯುದ್ದಕ್ಕೂ ಅತ್ತಿಗೆಯ ಬಾಯಿ ನಿಲ್ಲಲಿಲ್ಲ.

"ಸೂಜಿಮೆಣಸಿಗೂ ದೊರೆಸಾನಿಗೂ ಎಣ್ಣೆ ಸೀಗೆಕಾಯಿ. ಅವಳೋ, ಕರೆದರೆ ತಿರುಗಿ ನೋಡಲ್ಲ. ಎದುರಿಗೆ ನಿಂತರೆ ಮಾತ್ರ ಮಾತು, ಬೆನ್ನ ಹಿಂದಿನವರು ಅವಳಿಗೆ ಮನುಷ್ಯರೇ ಅಲ್ಲ. ಸುಮ್ಮನೆ ಅಂದ್ವಾ ದೊರೆಸಾನಿ ಅಂತ? ಸೂಜಿಮೆಣಸೋ, ದಿನಾ ಕೆಲಸ ಮುಗಿಯೋ ಹೊತ್ತಿಗೆ ಸರಿಯಾಗಿ ಒಂದು ಹಿಡಿ ಕೆಸರು ತೆಗೆದು ಅವಳ ಬೆನ್ನಿಗೆ ಬೀಸಿ ಹೊಡೀತಾಳೆ. ಎರಡು ವರ್ಷದಿಂದ ಇದೇ ನಾಟಕ."

"ಅಷ್ಟು ಆಗದಿದ್ದರೆ ಪಕ್ಕ ಪಕ್ಕ ಯಾಕೆ ಕೆಲಸ ಮಾಡ್ತಾರೆ?"

"ಜಗಳ ಆಡೋಕೆ ಹತ್ತಿರ ಇರಬೇಡವಾ?"

ಪೊಲೀಸಕ್ಕ ಹೆಜ್ಜೆ ಚುರುಕುಮಾಡಿದಳು.

ಸೂಜಿಮೆಣಸಿನ ಮನೆಯ ಹೊಸ್ತಿಲಲ್ಲೇ ಪೊಲೀಸಕ್ಕ ಎಡವಿದಳು. ಗಾಳಿಗೆ ಬಾಗಿಲು ಬಡಿಯದಿರಲೆಂದು ಗೋಣಿ ಸುತ್ತಿದ ಕಲ್ಲೊಂದನ್ನು ಒತ್ತಾಗಿ ಇಟ್ಟಿದ್ದರು. ಅದರ ಹಿಂದಿನ ನೀರಿನ ಕೊಳಾಯಿಗೆ ಅದು ಹೋಗಿ ಬಡಿದು ಟಣ್ ಎಂದಿತು. ಪೊಲೀಸಕ್ಕನ ಹೆಬ್ಬೆರಳು ಮಾತ್ರ ಸದ್ದಿಲ್ಲದೆ ಊದಿಕೊಂಡಿತು.

"ಅಯ್ಯೋ ಅಕ್ಕ, ನೋಡ್ಕೊಂಡು ಬರಬಾರದಾ?" ಸಣ್ಣ ಮೈಯ, ಚುರುಕು ಕಣ್ಣಿನ ಸೂಜಿಮೆಣಸು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. "ಕೂತ್ಕೊಳ್ಳಿ. ಶನಿವಾರ ಹೊರಟೆ. ಮಗಳಿಗೆ ದಿನ ತುಂಬಿದೆ. ಬಾಣಂತನ ಮುಗಿಸಿ ಬರೋದು, ಒಂದು ತಿಂಗಳಾಗುತ್ತೆ."

"ಗಂಟೆಯ ನಾಲಿಗೆ ನೀನು ತೆಗೆದೆಯಾ?"

"ನನಗೇ ಒಂದು ನಾಲಿಗೆ ಹೆಚ್ಚಾಗಿದೆ ಅಂತಾರೆ ಊರವರು. ಇನ್ನೊಂದು ಯಾಕೆ?"

"ದೊರೆಸಾನಿ ಮೇಲೆ ನಿನಗೇನು ಕೋಪ?"

ಸೂಜಿಮೆಣಸು ಟ್ರಂಕಿನ ಮುಚ್ಚಳ ಮುಚ್ಚಿದಳು. "ಇದೆ. ಹೇಳೋಕಾಗಲ್ಲ. ಮಾತು ಕೊಟ್ಟಿದ್ದೀನಿ."

"ಯಾರಿಗೆ?"

"ಅದನ್ನೂ ಹೇಳೋಕಾಗಲ್ಲ."

ದೊರೆಸಾನಿಯ ಮನೆಯಲ್ಲಿ ಇನ್ನೂ ಕಷ್ಟ. ಎತ್ತರದ ಹೆಂಗಸು, ಕುರ್ಚಿ ಕೊಟ್ಟಳು, ಎದುರು ಕೂತಳು, ಮುಖವನ್ನೇ ದಿಟ್ಟಿಸಿದಳು. ಕೇಳಿದ್ದಕ್ಕೆಲ್ಲ ಚುಟುಕಾಗಿ ಸರಿಯಾದ ಉತ್ತರ. ಎದ್ದು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ಪೊಲೀಸಕ್ಕ ಇನ್ನೊಂದು ಪ್ರಶ್ನೆ ಎಸೆದಳು. "ಆ ಕೆಂಪು ಹೊದಿಕೆ ಯಾರದು, ಗೊತ್ತಾ?"

ಉತ್ತರವಿಲ್ಲ.

"ನಿಮ್ಮನ್ನೇ ಕೇಳಿದ್ದು."

ದೊರೆಸಾನಿ ಕುರ್ಚಿಯನ್ನು ಗೋಡೆಗೆ ಸರಿಸಿ ಒಳಗೆ ನಡೆದಳು. ಪೊಲೀಸಕ್ಕನಿಗೆ ಉರಿದುಹೋಯಿತು. ಕಳ್ಳರು ಸುಳ್ಳು ಹೇಳಿದ್ದು ಕಂಡಿದ್ದಳು, ಅತ್ತದ್ದು ಕಂಡಿದ್ದಳು, ಕಾಲಿಗೆ ಬಿದ್ದದ್ದೂ ಕಂಡಿದ್ದಳು. ಹೀಗೆ ಬೆನ್ನು ತೋರಿಸಿದವರನ್ನು ಕಂಡಿರಲಿಲ್ಲ!

*

ಮರುದಿನವೂ ಗಂಟೆ ಇಲ್ಲ, ಕೆಂಪು ಹೊದಿಕೆಯೇ ಗತಿ. ಪೊಲೀಸಕ್ಕ ಕುಂಟುತ್ತ ದಡದಲ್ಲಿ ನಿಂತಳು. ಹತ್ತು ಗಂಟೆಗೆ ನೀರು ತಿರುಗಿತು, ಹೊದಿಕೆ ಬೀಸಿತು. ಮೂವತ್ತೊಂದು ಬೆನ್ನುಗಳು ಬಗ್ಗಿದಂತೆಯೇ ಇದ್ದವು. ನಾಲ್ಕು ಸಲ ಗೀರಿ ಒಂದು ಸಲ ದಡ ನೋಡುತ್ತಿದ್ದ ಒಬ್ಬಳು ಮಾತ್ರ ಥಟ್ಟನೆ ನೆಟ್ಟಗಾಗಿ ಬುಟ್ಟಿ ಎತ್ತಿದಳು. ದೊರೆಸಾನಿ. ಅವಳ ಬೆನ್ನಿಗೇ ಸೂಜಿಮೆಣಸು, ಗಂಟಲು ಹರಿಯುವಂತೆ ಎಲ್ಲರನ್ನೂ ಕೂಗುತ್ತ. ಅತ್ತಿಗೆ ಇವತ್ತೂ ಕೊನೆ, ಇವತ್ತೂ ಸೊಂಟದ ಮಟ್ಟ.

"ಬಟ್ಟೆ ನೋಡ್ಕೊಂಡು ಚಿಪ್ಪು ಹೆಕ್ಕೋಕಾಗುತ್ತಾ?" ಅತ್ತಿಗೆ ಅಂಗಿ ಹಿಂಡುತ್ತ ಕಿರುಚಿದಳು. "ಕಿವಿ ಇರೋದು ಯಾಕೆ? ನಾಳೆಯೂ ಹೀಗೇ ಆದರೆ ನಾನು ಇಳಿಯಲ್ಲ ತಾಯಿ. ಇನ್ನೊಂದು ಆಶ್ಚರ್ಯ ಕೇಳು, ಸೂಜಿಮೆಣಸು ಎರಡು ದಿನದಿಂದ ಕೆಸರೇ ಎಸೆದಿಲ್ಲ. ಊರಿಗೆ ಹೋಗೋಳು, ಪಾಪಭೀತಿ ಬಂತೇನೋ."

ಪೊಲೀಸಕ್ಕ ದೊರೆಸಾನಿಯ ಬೆನ್ನನ್ನು ನೋಡಿದಳು. ಒಗೆದ ಅಂಗಿ ಒಗೆದಂತೆಯೇ ಇತ್ತು.

ಏನೋ ಹೊಳೆಯಿತು. ಪೂರ್ತಿ ಹೊಳೆಯುವ ಮೊದಲೇ ತಪ್ಪೊಪ್ಪಿಗೆಗಳು ಶುರುವಾದವು.

ಮೊದಲು ಬಂದದ್ದು ಗಂಟೆಯಮ್ಮ. "ನಾನೇ ಕಳೆದೆ. ಬಿಚ್ಚಿ ತೊಳೆಯೋವಾಗ ಸಮುದ್ರಕ್ಕೆ ಬಿತ್ತು. ಮೂವರನ್ನೂ ಬಿಟ್ಟುಬಿಡು."

"ಗೋಪುರದಿಂದ ಸಮುದ್ರಕ್ಕೆ ಎಷ್ಟು ದೂರ ಗೊತ್ತಾ? ನೀವೇನು ಫಿರಂಗಿಯಾ?"

ಮಧ್ಯಾಹ್ನ ಕಣ್ಣು ಮುಚ್ಚುವಷ್ಟರಲ್ಲಿ ಅತ್ತಿಗೆ. "ಬರ್ಕೋ. ನಾನೇ ಕದ್ದೆ. ಗುಜರಿಯವನಿಗೆ ಮಾರಿದೆ."

"ಕದ್ದು, ಆಮೇಲೆ ಗಂಟೆ ಬಾರಿಸಲಿಲ್ಲ ಅಂತ ನೀವೇ ಮುಳುಗೋಕೆ ಹೋದ್ರಾ?"

"ಹೌದು! ಆ ಮುದುಕಿ ಬೀದಿಗೆ ಬೀಳೋದಕ್ಕಿಂತ ಅದು ವಾಸಿ."

ನಾಲ್ಕು ಗಂಟೆಗೆ ದೊರೆಸಾನಿ ಬಾಗಿಲು ತಟ್ಟಿದಳು. "ನಾನು. ಕೆಸರಿನಲ್ಲಿ ಹೂತಿದ್ದೀನಿ. ಜಾಗ ಮರೆತಿದೆ." ಅಷ್ಟೇ ಹೇಳಿ ಹೊರಟುಹೋದಳು.

ಪೊಲೀಸಕ್ಕ ತಲೆಗೆ ಕೈಹೊತ್ತು ಕೂತಳು. ಒಂದು ಕಳವು, ಮೂವರು ಕಳ್ಳಿಯರು, ಒಂದೂ ನಿಜವಿಲ್ಲ! ಕಳ್ಳ ಸಿಗದಿದ್ದರೆ ಹುಡುಕಬಹುದು. ರಾಶಿ ರಾಶಿ ಸಿಕ್ಕರೆ ಏನು ಮಾಡುವುದು? ಸಮುದ್ರ ಹೋಗಿ ಬರುವುದಕ್ಕೆ ದೇವರು ಹೊತ್ತು ಗೊತ್ತುಮಾಡಿದ್ದಾನೆ. ಹೆಂಗಸರ ಸ್ನೇಹಕ್ಕೆ ಯಾವ ಹೊತ್ತೂ ಗೊತ್ತುಮಾಡಿಲ್ಲ, ಯಾವ ಬುದ್ಧಿಯನ್ನೂ ಕೊಟ್ಟಿಲ್ಲ.

ಹಾಗೆ ಗೊಣಗುತ್ತಿದ್ದಂತೆಯೇ ಥಟ್ಟನೆ ಎದ್ದು ನಿಂತಳು. ಮೂವರು ಒಪ್ಪಿಕೊಂಡರು. ನಾಲ್ಕನೆಯವಳು?

*

ಮೂರನೆಯ ದಿನ ಬೆಳಗ್ಗೆ ಏಳಕ್ಕೆ ನಾಲ್ವರನ್ನೂ ಗಂಟೆಯಮ್ಮನ ಕೋಣೆಗೆ ಕರೆಸಿದಳು. ಕೈಯಲ್ಲಿ ಭಾರದ ಚೀಲ.

"ಯಾರೂ ಬಾಯಿ ಬಿಡಬೇಡಿ. ಒಪ್ಪಿಕೊಳ್ಳಲಂತೂ ಬೇಡಿ. ಇನ್ನೊಂದು ತಪ್ಪೊಪ್ಪಿಗೆ ಕೇಳಿದರೆ ನಾನೇ ಸಮುದ್ರಕ್ಕೆ ಹಾರ್ತೀನಿ." ಅವಳು ದೊರೆಸಾನಿಯ ಎದುರಿಗೆ ಸ್ಟೂಲು ಎಳೆದುಕೊಂಡು, ಮುಖ ಬೆಳಕಿಗೆ ಬರುವಂತೆ ಕೂತಳು. "ಈ ಕಳ್ಳಿಗೆ ಗಂಟೆ ಬೇಡವಾಗಿತ್ತು. ಆದರೆ ಹೆಂಗಸರು ಮುಳುಗೋದೂ ಬೇಡವಾಗಿತ್ತು. ಅದಕ್ಕೇ ಕಿಟಕಿಯಲ್ಲಿ ಹೊದಿಕೆ ಮಡಚಿಟ್ಟಳು. ಇಳಿಯೋ ಮುಂಚೆ ಗಂಟೆಯಮ್ಮ ಒಂದು ಸಲ ಬಾರಿಸಿ ನೋಡ್ತಾಳೆ, ಸದ್ದು ಬರದಿದ್ದರೆ ಹೊದಿಕೆಯ ವಿಷಯ ಎಲ್ಲರಿಗೂ ಹೇಳಿಯೇ ಇಳಿಸ್ತಾಳೆ ಅನ್ನೋ ಲೆಕ್ಕ. ಅವತ್ತು ಗಂಟೆಯಮ್ಮ ಬಾರಿಸಿ ನೋಡಲಿಲ್ಲ. ಹೌದಾ?"

ಗಂಟೆಯಮ್ಮ ಸೆರಗಿನಂಚಿನಿಂದ ಕಣ್ಣೊರೆಸಿದಳು. "ಮಂಡಿ ನೋವಿಗೆ ಎದ್ದಿರಲಿಲ್ಲ ಮಗಾ. ಒಂದು ದಿನ ತಾನೇ ಅಂದುಕೊಂಡೆ."

"ಗಂಟೆ ಹೋಗಿ ಬಟ್ಟೆ ಬಂದರೆ ಲಾಭ ಯಾರಿಗೆ? ಎಲ್ಲರಿಗೂ ನಷ್ಟ. ಅತ್ತಿಗೆ ಎರಡು ಸಲ ನೆನೆದರು. ಒಬ್ಬರೇ ಒಬ್ಬರಿಗೆ ಲಾಭ. ನಾಲ್ಕು ಸಲ ಗೀರಿ ಒಂದು ಸಲ ದಡ ನೋಡೋ ಅಭ್ಯಾಸ ಇದ್ದವರಿಗೆ. ಅವರು ಯಾಕೆ ದಡ ನೋಡ್ತಾರೆ? ಯಾಕೆಂದರೆ ಗಂಟೆ ಅವರಿಗೆ ಕೇಳಿಸಲ್ಲ."

ಅತ್ತಿಗೆಯ ಬಾಯಿ ತೆರೆಯಿತು, ಹಾಗೆಯೇ ನಿಂತಿತು.

"ಕರೆದರೆ ತಿರುಗದವರು, ಎದುರಿಗೆ ನಿಂತರೆ ಮಾತ್ರ ಮಾತಾಡೋರು, ಮಾತಾಡೋವಾಗ ತುಟಿಯನ್ನೇ ನೋಡೋರು. ನಾವು ಅದಕ್ಕೆ ಜಂಬ ಅಂತ ಹೆಸರಿಟ್ಟೆವು. ಎರಡು ವರ್ಷ! ಮೊನ್ನೆ ನಾನೂ ಅದನ್ನೇ ಮಾಡಿದೆ. ಕಿವುಡು ಅಂತ ಗೊತ್ತಾದರೆ ಪರವಾನಗಿ ಹೋಗುತ್ತೆ. ಅದಕ್ಕೇ ಇವರು ಜಂಬಗಾತಿ ಅನ್ನಿಸಿಕೊಂಡೇ ಇದ್ದರು. ಗಂಟೆ ಬಾರಿಸಿದ್ದು ಇವರಿಗೆ ಗೊತ್ತಾಗ್ತಿದ್ದದ್ದು ಹೇಗೆ? ಬೆನ್ನಿಗೆ ಒಂದು ಹಿಡಿ ಕೆಸರು ಬಿದ್ದರೆ, ಹೊರಡು ಅಂತ ಅರ್ಥ. ಬಟ್ಟೆ ಬೀಸಿದ ಎರಡು ದಿನ ಕೆಸರು ಬೀಳಲಿಲ್ಲ. ಬೇಕಿರಲಿಲ್ಲ."

ಪೊಲೀಸಕ್ಕ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಸೆಯೋಳು ಶನಿವಾರ ಬಾಣಂತನಕ್ಕೆ ಹೊರಟಳು. ಒಂದು ತಿಂಗಳು ಯಾರು ಎಸೀಬೇಕು? ಯಾರಿಗೂ ಹೇಳಲ್ಲ ಅಂತ ಮಾತು ಬೇರೆ ಕೊಟ್ಟಾಗಿದೆ." ಪೊಲೀಸಕ್ಕ ಚೀಲದಿಂದ, ಬಾಗಿಲಿಗೆ ಒತ್ತಾಗಿದ್ದ ಆ ಗೋಣಿ ಸುತ್ತಿದ ಗಂಟನ್ನು ತೆಗೆದು ನೆಲಕ್ಕಿಟ್ಟಳು. "ಕಲ್ಲಿಗೆ ಕೊಳಾಯಿ ತಾಗಿದರೆ ಟಕ್ ಅನ್ನುತ್ತೆ. ಟಣ್ ಅನ್ನಬೇಕಾದರೆ ಎರಡೂ ಕಬ್ಬಿಣ ಆಗಿರಬೇಕು. ಹೆಬ್ಬೆರಳಿಗೆ ಮೊನ್ನೆಯೇ ಗೊತ್ತಾಯಿತು, ತಲೆಗೆ ನಿನ್ನೆ ಸಂಜೆ. ಕದಿಯದ ಮೂವರೂ ಕದ್ದೆ ಅಂದರು. ಕದ್ದೆ ಅನ್ನದವಳು ನೀನೊಬ್ಬಳೇ, ಸೂಜಿಮೆಣಸು. ಒಪ್ಪಿಕೊಂಡರೆ 'ಯಾಕೆ' ಅಂತ ಕೇಳ್ತಾರೆ. ಆ 'ಯಾಕೆ' ನಿನ್ನ ಸ್ವತ್ತಲ್ಲ."

ಸೂಜಿಮೆಣಸು ತಲೆಯೆತ್ತಲಿಲ್ಲ. "ಒಬ್ಬಳ ಜೀವ ಕಾಯೋಕೆ ಹೋಗಿ ಮೂವತ್ತು ಜನರ ಜೀವಕ್ಕೆ ಕುತ್ತು ತಂದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಅತ್ತಿಗೆ, ಆ ನೀರಿನಲ್ಲಿ ನಿಮ್ಮನ್ನು ನೋಡಿದಾಗಿಂದ ಅನ್ನ ಇಳಿದಿಲ್ಲ."

"ನನ್ನ ಅಂಗಿ ಎರಡೂ ಒಗೆದುಕೊಡು," ಎಂದಳು ಅತ್ತಿಗೆ. ಆಮೇಲೆ ದೊರೆಸಾನಿಯ ಕಡೆ ತಿರುಗಿ, ಗೋಡೆ ಬಿರಿಯುವಂತೆ ಅರಚಿದಳು. "ನೀನು ನಮಗೆ ಹೇಳಬಾರದಿತ್ತೇನೇ, ಕತ್ತೆ!"

"ಕೂಗಬೇಡ," ಎಂದಳು ದೊರೆಸಾನಿ. "ಮುಖ ನೋಡಿ ಹೇಳಿದರೆ ಸಾಕು. ನೀವೆಲ್ಲ ಅಯ್ಯೋ ಪಾಪ ಅನ್ನೋದನ್ನ ನೋಡೋದಕ್ಕಿಂತ ಬೈಯೋದನ್ನ ನೋಡೋದು ಸುಲಭ ಅನ್ನಿಸ್ತು." ಎದ್ದು ಅಂಗಿ ಸರಿಮಾಡಿಕೊಂಡಳು. "ಕಚೇರಿ ತೆಗೆಯೋದು ಎಷ್ಟಕ್ಕೆ?"

"ಎಂಟೂವರೆಗೆ. ಯಾಕೆ? ನಾಲಿಗೆ ಸಿಕ್ಕಿತು ಅಂತ ನಾನೇ ಹೇಳ್ತೀನಿ. ನೀವು ಬರಬೇಕಿಲ್ಲ."

"ಗಂಟೆಯಮ್ಮನಿಗೆ ಮೈಮರೆವು ಅಂತ ಬರೆದಿದ್ದಾನಲ್ಲ, ಅದು ಅಳಿಯಬೇಕು. ನಿಜ ಹೇಳದೆ ಅಳಿಯಲ್ಲ."

ಐವರೂ ಹೊರಟರು. ಮೇಲ್ವಿಚಾರಕ ಎಲ್ಲವನ್ನೂ ಕೇಳಿ, ಅಭ್ಯಾಸದಂತೆ ಹಲಗೆಯ ಕಡೆ ಬೆರಳು ತೋರಿಸಿದ. "ಕಿವಿ..."

"ಸ್ವಾಮಿ," ಎಂದಳು ಪೊಲೀಸಕ್ಕ, ತಾಳ್ಮೆಯ ಕೊನೆಯ ಎಳೆ ಹಿಡಿದು. "ಹಲಗೆಯಲ್ಲಿ ಕಣ್ಣು ಅಂತಲೂ ಇದೆ. ನಿನ್ನೆ ಬಟ್ಟೆ ಬೀಸಿದಾಗ ಕಂಡದ್ದು ಇವರೊಬ್ಬರಿಗೇ. ಉಳಿದ ಮೂವತ್ತೊಂದು ಜೊತೆ ಕಣ್ಣಿನ ಪರವಾನಗಿ ಕಿತ್ತುಕೊಳ್ತೀರಾ? ಎದುರುಗಾಳಿ ಇದ್ದರೆ ಬಯಲಿನ ಆ ತುದಿಗೆ ಗಂಟೆ ಯಾರಿಗೂ ಕೇಳಿಸಲ್ಲ. ಗಂಟೆಯೂ ಇರಲಿ, ಬಟ್ಟೆಯೂ ಇರಲಿ. ಒಬ್ಬರಿಗೆ ಅಂತ ಮಾಡಿದ್ದು ಎಲ್ಲರನ್ನೂ ಕಾಯುತ್ತೆ."

"ಕದ್ದವಳಿಗೆ ಶಿಕ್ಷೆ?"

"ಒಂದು ತಿಂಗಳು ಬಯಲಿಗೆ ಇಳಿಯೋ ಹಾಗಿಲ್ಲ ಅಂತ ಬರೆಯಿರಿ."

ಸೂಜಿಮೆಣಸು ಕೆಮ್ಮಿದಳು. ಮೇಲ್ವಿಚಾರಕ ಗಂಭೀರವಾಗಿ ಬರೆದುಕೊಂಡ. ಗಂಟೆಯಮ್ಮನ ಹೆಸರಿನೆದುರು ಬರೆದದ್ದನ್ನು ಒಂದು ಗೀಟು ಎಳೆದು ಹೊಡೆದುಹಾಕಿದ. ಪೆನ್ನು ಕಚ್ಚಿ ಯೋಚಿಸಿದ. ತಲೆನೋವು ಬಂದಿರಬೇಕು, ಹಣೆ ಒತ್ತಿಕೊಂಡ.

"ಸರಿ, ಈ ವರ್ಷ ನೋಡೋಣ. ಆದರೆ ಗಂಟೆಯಮ್ಮನಿಗಿರೋದು ಎರಡು ಕೈ, ಎರಡೂ ಹಗ್ಗದ ಮೇಲೆ. ಬಟ್ಟೆ ಬೀಸೋಕೆ ನಂಬಿಕಸ್ತರು ಒಬ್ಬರು ಬೇಕು. ಯಾರಿದ್ದಾರೆ?"

ನಾಲ್ಕು ಮುಖಗಳು ನಿಧಾನವಾಗಿ ಒಂದೇ ಕಡೆ ತಿರುಗಿದವು. ದೊರೆಸಾನಿಯದು ಎಲ್ಲರಿಗಿಂತ ಮೊದಲು.

"ಇಲ್ಲ," ಎಂದಳು ಪೊಲೀಸಕ್ಕ. "ಖಂಡಿತ ಇಲ್ಲ. ಇವತ್ತು ನೀರು ತಿರುಗೋದು ಎಷ್ಟಕ್ಕೆ?"

"ಹನ್ನೊಂದಕ್ಕೆ."

"ನಾಳೆ?"

"ಹನ್ನೆರಡಕ್ಕೆ," ಎಂದಳು ಗಂಟೆಯಮ್ಮ.

"ಅಂದರೆ ಊಟದ ಹೊತ್ತಿಗೆ. ನಾಡಿದ್ದು ಒಂದಕ್ಕೆ. ಅಂದರೆ ನಿದ್ದೆಯ ಹೊತ್ತಿಗೆ!" ಅವಳು ಕಿಟಕಿಯಾಚೆ, ತನಗೇನೂ ಸಂಬಂಧವೇ ಇಲ್ಲವೆಂಬಂತೆ ಹೊಳೆಯುತ್ತಿದ್ದ ನೀರನ್ನು ಕೆಂಗಣ್ಣಿನಿಂದ ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು, ಊದಿದ ಹೆಬ್ಬೆರಳನ್ನು ಚಪ್ಪಲಿಯೊಳಗೆ ಮೆಲ್ಲಗೆ ತೂರಿಸಿದಳು.

"ನಡೀರಿ. ಮೆಟ್ಟಿಲು ಹತ್ತೋಕೆ ನನಗೆ ಒಂದು ಗಂಟೆಯಾದರೂ ಬೇಕು."